ಹಸಿ ಮರಕ್ಕೆ ವಾರ್ನಿಷ್

ಬಾಗಿಲು ತೆರೆದವನು ಅವನೇ. ಪಾಲಿಶ್‌ನವಳು ಅವನ ಹೆಗಲಾಚೆ ದೃಷ್ಟಿ ಹರಿಸಿ, "ಬೀರು ನೋಡು ಅಂತ ನಿಮ್ಮಮ್ಮ ಫೋನ್ ಮಾಡಿದ್ರು, ಅದಕ್ಕೆ ಬಂದೆ. ನಿನಗೋಸ್ಕರ ಅಲ್ಲ," ಎಂದಳು.

"ಗೊತ್ತು," ಎಂದು ಬಡಗಿ ಪಕ್ಕಕ್ಕೆ ಸರಿದ. ಅಷ್ಟಕ್ಕೇ ಅವನ ಕಿವಿ ಕೆಂಪಾಯಿತು. ಹಾಳಾದ ಕಿವಿ ಈಗಲೂ ಮುದ್ದಾಗಿಯೇ ಕಂಡಿತು. ಅದಕ್ಕೇ ಅವಳಿಗೆ ಇನ್ನಷ್ಟು ಉರಿದುಹೋಯಿತು.

ಉರಿಯದೆ ಇನ್ನೇನು? ಹೋದ ಮಳೆಗಾಲದವರೆಗೆ ಇಬ್ಬರೂ ಒಂದೇ ಫರ್ನಿಚರ್ ವರ್ಕ್‌ಶಾಪಿನಲ್ಲಿದ್ದವರು. ಮರ ಕೂಡಿಸುವುದು ಅವನು, ಹೊಳಪು ಕೊಡುವುದು ಅವಳು. ಒಂದು ದಿನ ದೊಡ್ಡದೊಂದು ಮೇಜನ್ನು ತೊಳೆದು, ಇನ್ನೂ ಒಣಗಲಿ ಎಂದು ಫ್ಯಾನಿನ ಕೆಳಗೆ ಬಿಟ್ಟು ಅವಳು ಮನೆಗೆ ಹೋಗಿದ್ದಳು. ಮಹಾಶಯನಿಗೆ ಪ್ರೀತಿ ಉಕ್ಕಿತು. ಅವಳ ಕೆಲಸ ಮುಗಿಸಿಟ್ಟರೆ ಮರುದಿನ ಇಬ್ಬರೂ ಸುತ್ತಾಡಲು ಹೋಗಬಹುದೆಂದು ತಾನೇ ವಾರ್ನಿಷ್ ಹೊಡೆದುಬಿಟ್ಟ. ಅದೂ ಹಸಿ ಮರಕ್ಕೆ.

ಗಿರಾಕಿಯ ಮನೆ ಸೇರಿದ ಮೇಜು ಹೊಳಪಿನ ಒಳಗಿನಿಂದಲೇ ಬೂಷ್ಟು ಹಿಡಿಯಿತು. ಮಾಲೀಕರು ಎಲ್ಲರೆದುರು ಅವಳಿಗೆ ಮಂಗಳಾರತಿ ಮಾಡಿ ಕೆಲಸದಿಂದ ತೆಗೆದರು. ಬ್ರಷ್ಷಿನ ಗೆರೆ ನೋಡಿದೊಡನೆ ಅದು ಯಾರ ಕೈ ಎಂದು ಅವಳಿಗೆ ಗೊತ್ತಾಗಿತ್ತು. ಅವನೇ ಹೇಳಲಿ ಎಂದು ಕಾದಳು. ಅವನು ತುಟಿ ಪಿಟಕ್ಕೆನ್ನಲಿಲ್ಲ. ಕೆಲಸ ಹೋದದ್ದಕ್ಕಿಂತ ಹೆಸರು ಹೋದದ್ದು ಅವಳನ್ನು ಹೆಚ್ಚು ಸುಟ್ಟಿತು.

ಅವನ ಅಮ್ಮನ ರೂಮು ಬೀದಿಗಿಂತ ಎರಡು ಮೆಟ್ಟಿಲು ಕೆಳಗೆ. ಒಂದೇ ಕಿಟಕಿ, ಅದೂ ಮುಚ್ಚಿತ್ತು. ಒಗೆದ ಬಟ್ಟೆ ಒಳಗೇ ನೇತಾಡುತ್ತಿತ್ತು. ಒದ್ದೆ ಗೋಡೆಗೆ ಅಂಟಿಕೊಂಡಿದ್ದ ಮರದ ಬೀರುವಿನ ಬೆನ್ನೆಲ್ಲ ಬೂದಿ ಬಳಿದಂತೆ ಬೂಷ್ಟು. ಕೆಮ್ಮುತ್ತಲೇ, ಮದುವೆಯಾಗದಿದ್ದರೂ ಎಂದಿನಂತೆ "ಬಾರೇ ಸೊಸೆ," ಎಂದ ಅಮ್ಮ, ದಿನಾ ಒದ್ದೆ ಬಟ್ಟೆಯಲ್ಲಿ ಒರೆಸಿದರೂ ಅದು ದುಪ್ಪಟ್ಟಾಗುತ್ತಿದೆ ಎಂದು ಅಲವತ್ತುಕೊಂಡರು. ಒದ್ದೆ ಬಟ್ಟೆಯೇ ಅದಕ್ಕೆ ಮೇವು ಎಂದು ಅವಳು ಮೆಲ್ಲಗೆ ತಿಳಿಸಿ, ಅವರನ್ನು ಮಹಡಿಗೆ ಕಳಿಸಿದಳು.

ಮುಯ್ಯಿ ತೀರಿಸುವ ದಾರಿ ತಾನಾಗಿ ಕಾಲಬಳಿಗೆ ಬಂದಿತ್ತು. ಮೇಲೆ ಮೇಲೆ ಒರೆಸಿ, ಹಸಿ ಇದ್ದಂತೆಯೇ ವಾರ್ನಿಷ್ ಎಳೆದರೆ ಆಯಿತು. ಇವತ್ತು ಕನ್ನಡಿಯಂತೆ ಹೊಳೆಯುತ್ತದೆ, ಮುಂದಿನ ಮಳೆಗೆ ಒಳಗಿನಿಂದ ಬೂಷ್ಟು ಅರಳುತ್ತದೆ. ಬಡಗಿಯ ಮನೆಯ ಬೀರುವೇ ಕೊಳೆಯಿತಂತೆ ಎಂದು ಬೀದಿಯೆಲ್ಲ ನಗಲಿ.

ಹಲಗೆ ಒರೆಸಿ, ವಾರ್ನಿಷ್ ಡಬ್ಬಿಗೆ ಬ್ರಷ್ ಅದ್ದಿದಳು. ಅವನು ದೀಪ ಹಿಡಿದು ನಿಂತಿದ್ದ. ಅವನ ಕಣ್ಣು ಬ್ರಷ್ಷಿನಿಂದ ಒದ್ದೆ ಹಲಗೆಗೆ ಹೋಗಿ, ಅಲ್ಲಿಂದ ಅವಳ ಮುಖಕ್ಕೆ ಬಂದು, ಒಂದು ಕ್ಷಣ ನಿಂತು ಕೆಳಗಿಳಿಯಿತು. ಅವನಿಗೆ ಎಲ್ಲ ಅರ್ಥವಾಗಿದೆ ಎಂದು ಅವಳಿಗೆ ತಿಳಿಯಿತು.

"ಹಸಿ ಇದೆ ಅಂತ ಕಾಣ್ತಿಲ್ವಾ?" ಎಂದು ಅವಳೇ ಕೇಳಿದಳು.

"ಕಾಣ್ತಿದೆ."

"ಮತ್ತೆ ಯಾಕೆ ಸುಮ್ನಿದ್ದೀಯ?"

"ಮಾಡದ ತಪ್ಪಿಗೆ ನೀನು ಆಗ್ಲೇ ಶಿಕ್ಷೆ ಅನುಭವಿಸಿದ್ದೀಯ. ಈಗ ಆ ತಪ್ಪು ಮಾಡ್ಕೊ. ನಾನು ಅಡ್ಡ ಬರಲ್ಲ."

ಬೇರೆ ಯಾರಾದರೂ ಆ ಮಾತಿಗೆ ಕರಗುತ್ತಿದ್ದರೇನೋ. ಅವಳು ಬ್ರಷ್ಷನ್ನು ಡಬ್ಬಿಯೊಳಗೆ ಎಸೆದಳು.

"ಇದು ನಿಮ್ಮಮ್ಮ ಉಸಿರಾಡೋ ರೂಮು. ಅವತ್ತು ನನ್ನನ್ನ ಬಲಿ ಕೊಟ್ಟೆ, ಇವತ್ತು ಅವರನ್ನ ಕೊಡ್ತಿದ್ದೀಯ. ನಿಂದು ಅಂತ ಏನಾದ್ರೂ ಕೊಡೋ ಒಂದ್ಸಲ."

ಅವನು ದೀಪ ಕೆಳಗಿಟ್ಟ. ಚಪ್ಪಲಿ ಮೆಟ್ಟಿ ವರ್ಕ್‌ಶಾಪಿನ ಕಡೆ ಹೊರಟ. ಅವಳು ಹಿಂದೆಯೇ ಹೋದಳು, ಕಣ್ಣಾರೆ ನೋಡುವ ಆಸೆ ಬಿಡುವುದುಂಟೇ?

ವರ್ಕ್‌ಶಾಪಿನಲ್ಲಿ ಗರಗಸಗಳೆಲ್ಲ ನಿಂತವು. ಮೇಜಿಗೆ ವಾರ್ನಿಷ್ ಹೊಡೆದದ್ದು ತಾನು, ಬಾಯಿ ಮುಚ್ಚಿಕೊಂಡು ಅವಳ ಹೆಸರು ಕೆಡಿಸಿದ್ದೂ ತಾನು ಎಂದು ಅವನು ಎಲ್ಲರಿಗೂ ಕೇಳುವಂತೆ ಹೇಳಿದ. ಅರ್ಧಕ್ಕೆ ತಲೆ ತಗ್ಗಿಸಿ ಗೊಣಗತೊಡಗಿದ. ಬಾಗಿಲಲ್ಲಿ ಕೈಕಟ್ಟಿ ನಿಂತವಳು, "ಜೋರಾಗಿ, ಹಿಂದಿನವರಿಗೆ ಕೇಳಿಸ್ತಿಲ್ಲ," ಎಂದಳು. ಅವನು ಮೊದಲಿನಿಂದ ಹೇಳಿದ. ಮಾಲೀಕರು ಅವನನ್ನು ಅಲ್ಲೇ ಕೆಲಸದಿಂದ ತೆಗೆದು ಮನೆಗೆ ಕಳಿಸಿದರು, ಅವಳನ್ನು ವಾಪಸ್ ಕರೆದರು. ನನಗೆ ಈಗ ನನ್ನದೇ ಪಾಲಿಶ್ ಅಂಗಡಿ ಇದೆ ಎಂದು ಅವಳು ನಯವಾಗಿ ಹೇಳಿದಳು. ಅವಳ ಹೊಟ್ಟೆ ಒಂದಿಷ್ಟು ತಣ್ಣಗಾಯಿತು.

ಬೀರುವಿನ ಕೆಲಸ ಮರುದಿನ ಸರಿಯಾಗಿ ಶುರುವಾಯಿತು. ಅದರ ಬಾಗಿಲುಗಳನ್ನೂ ಬೆನ್ನಿನ ಹಲಗೆಯನ್ನೂ ಕಳಚಿ ಅವನೇ ಅಂಗಳಕ್ಕೆ ಹೊತ್ತ. ಮಾಸ್ಕ್ ಕಟ್ಟಿಕೊಂಡು ಒಣ ಬ್ರಷ್ಷಿನಲ್ಲಿ ಬೂಷ್ಟು ಉದುರಿಸಿದ, ವಿನೆಗರ್ ಬಟ್ಟೆಯಲ್ಲಿ ಒರೆಸಿ ಗಾಳಿಗಿಟ್ಟ. ಅವಳು ಸ್ಟೂಲಿನ ಮೇಲೆ ಕೂತು ತಪ್ಪು ಹುಡುಕಿದಳು. ಚೆನ್ನಾಗಿ ಒಣಗುವ ತನಕ ವಾರ್ನಿಷ್ ಡಬ್ಬಿ ಅವಳ ಮಡಿಲಲ್ಲೇ ಇತ್ತು. ಬೀರು ಇನ್ನು ಮೇಲೆ ಗೋಡೆಯಿಂದ ಗೇಣು ದೂರ ನಿಲ್ಲಬೇಕು, ಬಟ್ಟೆ ಹೊರಗೆ ಒಣಗಬೇಕು, ಕಿಟಕಿ ತೆರೆದಿರಬೇಕು ಎಂದು ಅಮ್ಮನಿಗೂ ಆಜ್ಞೆಯಾಯಿತು. ಅಮ್ಮ ಅದಕ್ಕೆಲ್ಲ ಒಪ್ಪಿ, ಅದೇ ಉಸಿರಿನಲ್ಲಿ ಮದುವೆಯ ಮಾತೆತ್ತಿದರು. ಅವಳು ಹೂಂ ಎಂದಳು.

ಅಮ್ಮ ಒಳಗೆ ಹೋದ ಮೇಲೆ ಅವನು ಉಜ್ಜುವುದನ್ನು ನಿಲ್ಲಿಸಿ ಹತ್ತಿರ ಬಂದ. ಮಾಸ್ಕಿನ ಮೇಲೆ ಕಣ್ಣಷ್ಟೇ ಕಾಣುತ್ತಿತ್ತು, ಅದರಲ್ಲಿ ಒಂದು ಹನಿ ನಿಂತಿತ್ತು.

"ಹಾಗಾದ್ರೆ ನನ್ನ ಕ್ಷಮಿಸಿದ್ಯಾ?"

"ಇಲ್ಲ. ನಿನ್ನ ಮೇಲೆ ಪ್ರೀತಿ ಹೋಗ್ಲಿಲ್ಲ, ಏನ್ ಮಾಡ್ಲಿ? ಸಿಟ್ಟೂ ಹೋಗಿಲ್ಲ. ಮದುವೆ ಆದ್ರೆ ತಾನೇ ದಿನಾ ಒಂಚೂರು ತೀರಿಸ್ಕೊಳ್ಳೋಕಾಗೋದು."

"ಎಷ್ಟು ವರ್ಷ?"

"ನೀನು ಮುದುಕ ಆಗೋ ತನಕ," ಎಂದು ಅವಳು ಅವನ ಮಾಸ್ಕ್ ಕೆಳಗೆಳೆದಳು.