ಚೀನೀ ವೀರನ ಬೆಂಚು

ಬೆಂಚು ಮುರಿದ ಸದ್ದಿಗೆ ಎಲ್ಲರೂ ಹೋ ಎಂದು ನಕ್ಕರು. ನಗಿಸಲೆಂದೇ ಬರೆದ ದೃಶ್ಯ ಅದು. ಚೀನಾದ ಜನಪದ ವೀರ ಬೆಂಚಿನ ಮೇಲೆ ಕುಣಿಯುತ್ತ ಹತ್ತು ಮಂದಿಗೆ ಬಡಿದು, ಕೊನೆಗೆ ತಾನೇ ಜಾರಿ ಬೀಳಬೇಕು. ಮಸ್ಕತ್ತಿನ ಅಲ್ ಖೌದಿನ ಬಾಡಿಗೆ ಸಭಾಂಗಣದಲ್ಲಿ ಕರಾವಳಿಯ ಹುಡುಗರು ತೆಗೆಯುತ್ತಿದ್ದ ಕುಂಗ್‌ಫೂ ಹಾಸ್ಯಚಿತ್ರ. ಆದರೆ ವೀರನ ವೇಷದ ಕೀರ್ತನ್ ಏಳಲಿಲ್ಲ. ಸೊಂಟದ ಮೂಳೆ ಮುರಿದಿತ್ತು. ಬೆಂಚಿನ ಕಾಲನ್ನು ಯಾರೋ ಮುಕ್ಕಾಲು ಪಾಲು ಗರಗಸದಲ್ಲಿ ಕೊಯ್ದಿಟ್ಟಿದ್ದರು.

ಮರುದಿನ ನಿರ್ದೇಶಕ ಬೋಜ ಸಭಾಂಗಣದ ಸಿಸಿಟಿವಿ ವಿಡಿಯೋವನ್ನು ಎಲ್ಲರ ಮೊಬೈಲಿಗೂ ಕಳಿಸಿದ. ಹುಲ್ಲುಟೋಪಿಯಲ್ಲಿ ಮುಖ ಮುಚ್ಚಿದ್ದ, ಚೀನೀ ಅಂಗಿಯ ಒಬ್ಬ ಎಡಗೈಯಲ್ಲಿ ಗರಗಸ ಎಳೆಯುತ್ತಿದ್ದ. ಆ ಅಂಗಿ ಬೋಜನೂ ಸೇರಿ ಎಲ್ಲರಿಗೂ ಇತ್ತು. ತಂಡದಲ್ಲಿ ಎಡಚ ಮಾತ್ರ ಹರ್ಷಿತ್ ಒಬ್ಬನೇ. ವೀರನ ಪಾತ್ರ ಕೈತಪ್ಪಿದಾಗ "ನಿನ್ನ ಸೊಂಟ ಮುರೀತೇನೆ ನೋಡು" ಎಂದು ಕೀರ್ತನ್‌ನ ಮೇಲೆ ಹಾರಿದ್ದವನೂ ಅವನೇ.

"ಕಫೀಲ್‌ಗೆ ಹೇಳ್ಲೇಬೇಕು ಮಾರಾಯ," ಎಂದ ಬೋಜ. ವೀಸಾ ಕೊಟ್ಟ ಆ ಅರಬಿ ಧಣಿಗೆ ಹೇಳಿದರೆ ಹರ್ಷಿತ್‌ನ ವೀಸಾ ಖಲಾಸ್. ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವನನ್ನು ಮಸ್ಕತ್ತಿಗೆ ಕರೆಸಿಕೊಂಡು ಕೆಲಸ ಕೊಡಿಸಿದ್ದು ಇದೇ ಬೋಜಣ್ಣ.

ಹರ್ಷಿತ್ ಓಡಿದ್ದು ಸುಹರಾಕ್ಕನ ಟೈಲರ್ ಅಂಗಡಿಗೆ. ಆ ಅಂಗಿಗಳನ್ನು ಹೊಲಿದವರು ಅವರೇ. ಊರವರ ಕಳವು, ಜಗಳಗಳ ಗಂಟು ಬಿಡಿಸುವವರೂ ಅವರೇ. ವಿಡಿಯೋವನ್ನು ಎರಡು ಸಲ ನೋಡಿ, ಅಂಗಿಯ ಎಡಮಗ್ಗುಲಲ್ಲಿ ಸಾಲಾಗಿದ್ದ ಗುಂಡಿಗಳ ಮೇಲೆ ಬೆರಳಿಟ್ಟರು.

"ನಾಳೆ ಎಲ್ಲರನ್ನೂ ಹಾಲ್‌ಗೆ ಕರಿ. ಅಂಗಿ ಹಾಕ್ಕೊಂಡೇ ಬರ್ಲಿ."

ಎಲ್ಲರೂ ಬಂದರು. "ಬೋಜಣ್ಣ, ಗುಂಡಿ ಬಲಮಗ್ಗುಲಿಗೇ ಬರ್ಬೇಕು ಅಂತ ಮೂರು ಸಲ ಬಿಚ್ಚಿಸಿದ್ದು ಯಾರು?" ಎಂದರು ಸುಹರಾಕ್ಕ.

"ನಾನೇ. ಎಂತ ಈಗ?"

"ಎಲ್ಲರೂ ನಿಮ್ಮ ನಿಮ್ಮ ಅಂಗಿ ನೋಡ್ಕೊಳ್ಳಿ. ಒಂದಾದ್ರೂ ಎಡಕ್ಕೆ ಉಂಟಾ? ವಿಡಿಯೋದಲ್ಲಿ ಎಡಕ್ಕುಂಟು. ನನ್ನ ಹೊಲಿಗೆ ತಾನಾಗಿ ಪಕ್ಕ ಬದಲಾಯಿಸ್ತದಾ? ಚಿತ್ರವನ್ನೇ ಕನ್ನಡಿಯ ಹಾಗೆ ತಿರುಗಿಸಿದ್ದು. ಅಂದ್ರೆ ಕೊಯ್ದದ್ದು ಬಲಗೈ. ಈ ಸಭಾಂಗಣದವರು ವಿಡಿಯೋ ಕೇಳಿದ್ದಕ್ಕೆ ಅಳಿಸ್ಲಿಕ್ಕೆ ಆಗ್ಲಿಲ್ಲ; ತಿರುಗಿಸಿದ್ರೆ ಬೇರೆಯವ ಸಿಕ್ತಾನೆ. ಅದನ್ನು ಮುಟ್ಟಿದ್ದು ನೀವೊಬ್ರೇ. ಮೂಲದ್ದು ಇಲ್ಲೇ ಸಿಸಿಟಿವಿ ಮೆಷಿನ್ನಲ್ಲಿ ಉಂಟು, ಹಾಕ್ಲಾ?"

ಬೋಜ ಬೇಡವೆಂದು ಕೈಯಾಡಿಸಿದ. ಬಲಗೈ.

"ಕೀರ್ತನ್ ನಾಜೂಕಾಗಿ ಬೀಳ್ತಿದ್ದ," ಎಂದ. "ನಿಜವಾಗಿ ಬಿದ್ರೆ ಮಾತ್ರ ನಗು ಬರೋದು. ನಕ್ಕಿದ್ರಲ್ಲ ನೀವೆಲ್ಲ?"

ಹರ್ಷಿತ್‌ನ ಎಡಮುಷ್ಟಿ ಮೇಲೆದ್ದಿತು. ಸುಹರಾಕ್ಕ ಅವನ ಮಣಿಕಟ್ಟು ಹಿಡಿದರು.

"ಬೇಡ ಮಗಾ. ಈ ಕೈ ಈಗಷ್ಟೇ ಬಚಾವಾದದ್ದು."