ಪಟದವನ ಎಡಗೈ

"ಅದು ನಕಲಿ, ಮಗಾ. ಅಷ್ಟು ಬರ್ಕೊಂಡು ಹೊರಡು. ಗಾಳಿ ಏಳ್ತಾ ಇದೆ," ಎಂದಳು ಮನೆಯೊಡತಿ ದೋನ್ಯಾ ಎಲ್ಫಿದಾ.

ಲೈಲ್ ಹ್ಯಾಸ್ಕೆಲ್ ನಕ್ಕ. ಹಳೇ ಫೋಟೋಗಳಲ್ಲಿ ಅಸಲಿ ಯಾವುದು, ನಕಲಿ ಯಾವುದು ಎಂದು ಹೇಳುವುದೇ ಅವನ ಕಸುಬು. ಹೋದಲ್ಲೆಲ್ಲ ಜನ ತಮ್ಮದು ಅಸಲಿ ಎಂದು ಹೇಳಿಸಿಕೊಳ್ಳಲು ಅವನ ದುಂಬಾಲು ಬೀಳುತ್ತಿದ್ದರು. ತನ್ನ ಮನೆಯ ಪಟ ನಕಲಿ ಎಂದು ಗೋಗರೆಯುವ ಮುದುಕಿಯನ್ನು ಅವನು ನೋಡಿದ್ದು ಇದೇ ಮೊದಲು. ಹಾಗಾಗಿ ಅವನ ಆಸೆ ಇನ್ನಷ್ಟು ಕೆರಳಿತು. ಹೋದ ವರ್ಷ ಯಾವನೋ ಸೃಷ್ಟಿಸಿದ ಪಟವನ್ನು ಅಸಲಿ ಎಂದು ಸಾರಿ ಡೆನ್ವರಿನಲ್ಲೆಲ್ಲ ನಗೆಪಾಟಲಾಗಿದ್ದ. ಈ ಒಂದು ಪಟ ಅವನ ಮಾನ ಉಳಿಸಬೇಕಿತ್ತು.

ಬೆಳಿಗ್ಗೆ ನಮ್ಮೂರ ಸಾರಾಯಿ ಅಂಗಡಿಯಲ್ಲೂ ಇದೇ ಜಗಳ ನಡೆದಿತ್ತು.

"ಡಕಾಯಿತ ರೋಕೆ ಮಾರೆಸ್ ಬಲಗೈಯವನು ಕಣಯ್ಯಾ! ನಮ್ಮ ತಾತನ ಮೇಲೆ ಗುಂಡು ಹಾರಿಸಿದ್ದು ಬಲಗೈಲೇ. ಎಲ್ಫಿದಾ ಮನೆ ಪಟದೋನು ಪಿಸ್ತೂಲು ಸಿಗಿಸ್ಕೊಂಡಿರೋದು ಎಡಕ್ಕೆ," ಎಂದು ಅಂಗಡಿಯ ತಿಬುರ್ಸಿಯೋ ಮೇಜು ಗುದ್ದಿದ್ದ.

"ನಿಮ್ಮ ತಾತ ಬೆನ್ನು ತೋರಿಸಿ ಓಡಿದ್ದ. ಯಾವ ಕೈ ಅಂತ ಹೆಂಗೆ ನೋಡಿದ್ನಪ್ಪಾ?" ಎಂದಿದ್ದ ಮೂಲೆಯಲ್ಲಿ ಕುಳಿತಿದ್ದ ಕುರಿಗಾಹಿ. ಎಲ್ಲರೂ ಬಿದ್ದು ಬಿದ್ದು ನಕ್ಕಿದ್ದರು.

ಈಗ ಹ್ಯಾಸ್ಕೆಲ್ ಆ ಪಟದ ಮುಂದೆ ಕುಳಿತಿದ್ದ. ಮಣ್ಣಿನ ಗೋಡೆಯ ತಣ್ಣನೆಯ ಕೋಣೆ. ಪೈನ್ ಕಟ್ಟಿಗೆಯ ಹೊಗೆ, ಸುಟ್ಟ ಮೆಣಸಿನಕಾಯಿಯ ಘಾಟು. ಗೂಡಿನಲ್ಲಿದ್ದ ಸಂತರ ಮರದ ಮೂರ್ತಿಗಳ ನಡುವೆ ಅದೊಂದೇ ಗೋಡೆಗೆ ಮುಖ ಮಾಡಿ ನಿಂತಿತ್ತು. ಅಂಗೈಯಗಲದ ಕರೀ ತಗಡಿನ ಮೇಲೆ ಮೂಡಿದ ಪಟ. ತಿರುಗಿಸಿದೊಡನೆ ಹಳೇ ರಕ್ತದ ವಾಸನೆ ಮೂಗಿಗೆ ಬಡಿಯಿತು. ತಗಡಿನ ತುಕ್ಕಿರಬೇಕು ಎಂದುಕೊಂಡ.

"ನಮ್ಮಜ್ಜಿ ಲಿಬ್ರಾದ ಮಾಟ ಬಲ್ಲೋಳು," ಎಂದಳು ಎಲ್ಫಿದಾ, ತಗಡಿನತ್ತ ನೋಡದೆ. "ಇದೇ ಅಂಗಳದಲ್ಲಿ ಅವನು ಪಟ ತೆಗೆಸ್ಕೊಂಡ. ನೋಡ್ತಾ ನಿಂತಿದ್ದ ಅಜ್ಜಿ ಮಗ ಕಿಸಕ್ಕಂತ ನಕ್ಕ. ಅಷ್ಟಕ್ಕೇ ಹುಡುಗನ ಹಣೆಗೆ ಗುಂಡು ಹೊಡೆದ ಆ ಪಾಪಿ. ತಗಡು ಇನ್ನೂ ಹಸಿ ಇತ್ತು. ಅಜ್ಜಿ ಮಗನ ರಕ್ತ ಅದಕ್ಕೆ ಬಳಿದು, ಆ ಪಾಪೀನ ಅದರೊಳಗೇ ಕಟ್ಟಿಹಾಕಿದ್ಲು. ಹೊರಡೋಕೆ ಕುದುರೆ ಹತ್ತಿದ್ದ ಅವನ ಮೈ ಹಂಗೇ ಬಿದ್ದೋಯ್ತು, ಒಂದು ಗಾಯ ಇರ್ಲಿಲ್ಲ."

"ಮತ್ತೆ ನಕಲಿ ಅಂತೀರಲ್ಲ, ಅಜ್ಜೀ?"

"ಅದೇ ಕಟ್ಟು. ಅವನು ಯಾರು ಅಂತ ಗೊತ್ತಿರೋರು ದಿನಾ ಅವನ ಮುಖ ನೋಡಿ 'ನೀನು ಅವನಲ್ಲ' ಅನ್ಬೇಕು. ಗೊತ್ತಿಲ್ದೋರ ಮಾತು ಅವನಿಗೆ ತಾಗಲ್ಲ. ಗೊತ್ತಿದ್ದೋರು ಹೆಸರು ಹಿಡಿದರೆ..." ಅವಳು ಎದೆಯ ಮೇಲೆ ಶಿಲುಬೆ ಗೀರಿಕೊಂಡಳು. "ಬೇಡ ಮಗಾ. ಹೆಸರು ಮಾತ್ರ ಹಿಡೀಬೇಡ."

ಹ್ಯಾಸ್ಕೆಲ್ ಕೇಳಿಸಿಕೊಳ್ಳಲಿಲ್ಲ. ಅವನ ಭೂತಗನ್ನಡಿ ಕೋಟಿನ ಗುಂಡಿಗಳ ಮೇಲೆ ನಿಂತುಬಿಟ್ಟಿತ್ತು. ಅದನ್ನು ಕಿವಿಗೆ, ಸೊಂಟಕ್ಕೆ ಸರಿಸಿ ನೋಡಿದ.

"ಗುಂಡಿ ನೋಡಿ, ಅಜ್ಜೀ! ಗಂಡಸರ ಕೋಟಲ್ಲಿ ಬಲಗಡೆ ಇರುತ್ತೆ, ಇವನದು ಎಡಗಡೆ. ತಗಡಿನ ಪಟ ಕನ್ನಡಿ ಇದ್ದ ಹಾಗೆ, ಎಲ್ಲ ಅದಲು ಬದಲು. ಪೊಲೀಸ್ ದಾಖಲೆ ಪ್ರಕಾರ ಅವನ ಬಲಗಿವಿ ಹರಿದಿತ್ತು, ಇಲ್ಲಿ ಎಡಗಿವಿ ಹರಿದಿದೆ. ಬಲಕ್ಕಿದ್ದ ಪಿಸ್ತೂಲು ಎಡಕ್ಕೆ ಕಾಣ್ತಿದೆ. ಊರೋರೆಲ್ಲ ಇಷ್ಟು ದಿನ ಕಣ್ಣುಮುಚ್ಚಿ ಜಗಳ ಆಡಿದ್ದಾರೆ!"

"ಬಾಯಿ ಮುಚ್ಚೋ!"

"ಇವನೇ. ರೋಕೆ ಮಾರೆಸ್."

ಮಧ್ಯಾಹ್ನದ ಬೆಳಕು ಆರಿಹೋಯಿತು. ಧೂಳಿನ ಗಾಳಿ ಬಂದು ಕಿಟಕಿಯ ಕದಗಳನ್ನು ದಬದಬ ಬಡಿಯತೊಡಗಿತು. ಅಂಥ ಗಾಳಿಯಲ್ಲೂ ಅಂಗಳದ ಗಾಳಿಯಂತ್ರ ಕಿರ್ರೆಂದು ಕಿರುಚಿ ನಿಂತಿತು. ಒಲೆಯ ಕೆಂಡದ ಬೆಳಕೊಂದೇ ಉಳಿಯಿತು.

ಹ್ಯಾಸ್ಕೆಲ್ ಕೈಯಲ್ಲಿದ್ದ ತಗಡು ಕಾದ ಹೆಂಚಿನಂತೆ ಸುಟ್ಟಿತು. ಕಿರುಚಿ ಕೈಬಿಟ್ಟ. ಅದರ ಮೇಲೆ ಪಟದವನು ಕೂತಿದ್ದ ಕುರ್ಚಿಯಿತ್ತು, ಅಂಗಳವಿತ್ತು. ಮನುಷ್ಯನಿರಲಿಲ್ಲ.

ಕತ್ತಲಲ್ಲಿ ಲಾಳದ ಬೂಟು ಸದ್ದು ಮಾಡಿತು. ಕುದುರೆಯ ಬೆವರು ನಾರಿತು. ಮೊದಲ ಏಟು ಹ್ಯಾಸ್ಕೆಲ್‌ನ ಬಾಯಿಗೆ ಬಿತ್ತು. ಹಲ್ಲು ಮುರಿದು ನಾಲಗೆಯ ಮೇಲೆ ಉದುರಿದವು. ಎರಡನೆಯದು ಪಕ್ಕೆಗೆ. ಮೇಜು ಉರುಳಿತು. ಮರದ ಸಂತನೊಬ್ಬನ ತಲೆ ಮುರಿದು ಒಲೆಗೆ ಬಿತ್ತು. ಉರಿ ಎದ್ದಿತು.

ಉರಿಯ ಬೆಳಕಲ್ಲಿ ಪಟದವನು ಕಂಡ. ಕಣ್ಣಿದ್ದಲ್ಲಿ ಬೆಳ್ಳಿಯ ಹೊಳಪು. ಹರಿದ ಕಿವಿಯಿಂದ ಕರ್ರಗೆ ಏನೋ ಸೋರುತ್ತಿತ್ತು.

ಬಲಗೈ, ಎಂದುಕೊಂಡ ಹ್ಯಾಸ್ಕೆಲ್. ಇವನು ಬಲಗೈಯವನು. ಅದನ್ನು ಹಿಡಿದರೆ ಬದುಕಿದೆ.

ಹಾರಿದ. ಎರಡೂ ಕೈಯಿಂದ ಆ ಬಲ ಮಣಿಕಟ್ಟನ್ನು ಅಮುಕಿ ಹಿಡಿದ. ಐಸಿನಷ್ಟು ತಣ್ಣಗಿತ್ತು. ಆ ಕೈ ಖಾಲಿಯಿತ್ತು.

ಪಟದವನು ನಕ್ಕ. ಎಡಗೈ ಸೊಂಟಕ್ಕೆ ಹೋಯಿತು.

ತಗಡಿನಿಂದ ಎದ್ದು ಬಂದದ್ದು ಮನುಷ್ಯನಲ್ಲ, ಅವನ ಬಿಂಬ. ಹ್ಯಾಸ್ಕೆಲ್ ತಾನೇ ಅದನ್ನು ಬಿಡಿಸಿ ಹೇಳಿದ್ದ. ಹೇಳಿದ ಬಾಯಿಯ ರಕ್ತ ಇನ್ನೂ ಆರಿರಲಿಲ್ಲ.

"ಎಡಕ್ಕೆ, ಮಗಾ! ಎಡಕ್ಕೆ!" ಎಲ್ಫಿದಾ ಕೂಗುತ್ತ ಅಡ್ಡ ನುಗ್ಗಿದಳು. ಗುಂಡು ಹಾರಿತು. ಹ್ಯಾಸ್ಕೆಲ್‌ನ ಬಲಗೈ ಬೆರಳುಗಳನ್ನು ಹಾರಿಸಿಕೊಂಡು ಅವಳ ಕುತ್ತಿಗೆಗೆ ಹೊಕ್ಕಿತು. ಬಿಸಿ ರಕ್ತ ಅವನ ಮುಖಕ್ಕೆ ಚಿಮ್ಮಿತು. ಅವಳು ಒಲೆಯ ಪಕ್ಕ ಕುಸಿದಳು. ಬಾಯಿಯಲ್ಲಿ ಗುಳುಗುಳು ಸದ್ದು.

"ಹೇಳು," ಎಂದಳು. "ನಂಗಿನ್ನು... ಆಗಲ್ಲ. ನೀನೇ ಹೇಳು."

ಪಿಸ್ತೂಲಿನ ಬಾಯಿ ಅವನ ಹಣೆಗೆ ಒತ್ತಿತು.

"ನೀನು ಅವನಲ್ಲ," ಎಂದ ಹ್ಯಾಸ್ಕೆಲ್. ಹಲ್ಲಿಲ್ಲದ ಬಾಯಿ ತೊದಲಿತು. "ನೀನು ಅವನಲ್ಲ! ನಕಲಿ ನೀನು! ನಕಲಿ!"

ಹಣೆಯ ಮೇಲಿನ ಚಳಿ ಸರಿಯಿತು. ಏನೋ ಭಾರವಾದದ್ದು ನೆಲದ ಮೇಲೆ ತೆವಳುತ್ತ ಹಿಂದಕ್ಕೆ ಹೋಯಿತು. ತಗಡು ಟಣ್ ಎಂದಿತು. ಎಲ್ಫಿದಾಳ ಕಣ್ಣು ತೆರೆದೇ ಇದ್ದವು.

ಅವಳಿಗೆ ಮಕ್ಕಳಿರಲಿಲ್ಲ. ಪಟದವನು ಯಾರೆಂದು ಖಚಿತವಾಗಿ ಬಲ್ಲವನು ಈಗ ಭೂಮಿಯ ಮೇಲೆ ಹ್ಯಾಸ್ಕೆಲ್ ಒಬ್ಬನೇ. ಒಮ್ಮೆ ಊರು ಬಿಡಲು ನೋಡಿದ. ಸೇತುವೆ ದಾಟುವ ಮೊದಲೇ ಕಾರಿನ ಹಿಂದಿನ ಸೀಟಿನಲ್ಲಿ ಕುದುರೆಯ ಬೆವರು ನಾರಿತು. ತಿರುಗಿ ಬಂದ. ನಮ್ಮೂರಿನವನೇ ಆಗಿಹೋದ. ದಿನಾ ಬೆಳಿಗ್ಗೆ ತಗಡನ್ನು ತಿರುಗಿಸಿ, ಹೇಳುವುದನ್ನು ಹೇಳಿ, ಮತ್ತೆ ಗೋಡೆಗೆ ಮುಖ ಮಾಡಿಸುತ್ತಾನೆ. ಅವನು ಪಟವನ್ನು ನಕಲಿ ಎಂದು ಬರೆದುಕೊಟ್ಟದ್ದನ್ನು ಓದಿ ಡೆನ್ವರಿನವರು ಮತ್ತೊಮ್ಮೆ ನಕ್ಕರಂತೆ. ನನಗಂತೂ ಅವನ ಮೇಲೆ ಕನಿಕರ ಬರುತ್ತದೆ.

ಮೊನ್ನೆ ಸಾಂತಾ ಫೆಯಿಂದ ಒಬ್ಬಳು ಹುಡುಗಿ ಬಂದಿದ್ದಳು, ಭೂತಗನ್ನಡಿ ಹಿಡಿದು.

"ಅದು ನಕಲಿ, ಮಗಳೇ. ಅಷ್ಟು ಬರ್ಕೊಂಡು ಹೊರಡು," ಎಂದ ಹ್ಯಾಸ್ಕೆಲ್.

ಅವಳು ನಕ್ಕಳು. "ಏನ್ ಸಾರ್ ನೀವು! ಈ ಕೋಟಿನ ಗುಂಡಿ ನೋಡಿದೀರಾ?"

ಹೊರಗೆ ಗಾಳಿಯಂತ್ರ ನಿಂತಿತು. ಹ್ಯಾಸ್ಕೆಲ್ ಎದ್ದು ಬಂದು ಅವಳಿಗೂ ಪಟಕ್ಕೂ ನಡುವೆ ನಿಂತ. ಈ ಸಲ ಯಾವ ಕೈ ಎಂದು ಅವನಿಗೆ ಗೊತ್ತಿತ್ತು.