ಹಸಿರು ದೀಪದ ಡಬ್ಬಿ

ಇದು ನಿಜವಾಗಿ ನಡೆದ ಕಥೆ. ನಂಬುವವರು ನಂಬಿ, ನಂಬದವರು ಕೊನೆಯವರೆಗೆ ಓದಿ ಆಮೇಲೆ ಜಗಳಕ್ಕೆ ಬನ್ನಿ. ಇದರಲ್ಲಿ ಒಬ್ಬ ಹುಡುಗಿ, ಒಬ್ಬ ಹುಡುಗ, ಎರಡು ಗಿಟಾರು ಮತ್ತು ಅಂಗೈಯಗಲದ ಒಂದು ಡಬ್ಬಿ ಇವೆ. ರಾದ್ಧಾಂತವೆಲ್ಲ ಆ ಡಬ್ಬಿಯದು.

ಅವಳು ವಾದ್ಯಗಳ ಅಂಗಡಿಗೆ ಕಾಲಿಟ್ಟ ಸಂಜೆ ಕೌಂಟರಿನಲ್ಲಿ ಯಾರೂ ಇರಲಿಲ್ಲ. ಆದರೆ ಸ್ಪೀಕರುಗಳ ಸಾಲಿನ ಹಿಂದಿನಿಂದ ಅವಳ ಸೋದರತ್ತೆಯ ದನಿ ಬಂತು.

"ತಾಳ ತಪ್ಪಿದ್ರೆ ತಪ್ಪಲಿ ಕಣಪ್ಪಾ, ಮುಖ ಮಾತ್ರ ಹಾಗೆ ಗಂಟು ಹಾಕ್ಕೋಬೇಡ. ಜನ ದುಡ್ಡು ವಾಪಸ್ ಕೇಳ್ತಾರೆ."

ಅವಳು ಬೆಚ್ಚಿಬಿದ್ದಳು. ಬೆನ್ನ ಮೇಲಿದ್ದ ಬೇಸ್ ಗಿಟಾರಿನ ಚೀಲ ತಾನಾಗಿಯೇ ನೆಟ್ಟಗಾಯಿತು. ಅತ್ತೆ ಇಲ್ಲಿ ಹೇಗೆ?

ಎದ್ದು ಬಂದದ್ದು ಅತ್ತೆಯಲ್ಲ. ಕೊರಳಿಗೆ ಕೇಬಲ್ಲುಗಳ ಹಾರ ಹಾಕಿಕೊಂಡ ಒಬ್ಬ ಉದ್ದನೆಯ ಹುಡುಗ. ತನಗೆ ತಾನೇ ಮಾತಾಡಿಕೊಂಡು ನಗುತ್ತಿದ್ದವನು ಅವಳನ್ನು ಕಂಡು ಏನು ಬೇಕೆಂದು ಕೇಳಿದ.

"ಮೊದಲು ಇದು ಹೇಳಿ. ಈಗ ನೀವು ಮಿಮಿಕ್ರಿ ಮಾಡಿದ್ದು ಯಾರನ್ನ?"

"ನಮ್ಮ ತಂಡದ ಹಾಡುಗಾರ್ತಿ. ಯಾಕೆ?"

"ಅವರು ನಮ್ಮತ್ತೆ."

ಹುಡುಗನ ಮುಖ ಪೆಚ್ಚಾಯಿತು. ಕೊರಳಿನ ಕೇಬಲ್ಲು ಹಗ್ಗವಾದಂತೆ ಕೈ ಅಲ್ಲಿಗೇ ಹೋಯಿತು. ಅವರಿಗೆ ಹೇಳ್ತೀರಾ ಎಂದು ಸಣ್ಣ ದನಿಯಲ್ಲಿ ಕೇಳಿದ. ಗಿಟಾರಿನ ದನಿ ಹಿಗ್ಗಿಸುವ ಒಂದು ಒಳ್ಳೇ ಆ್ಯಂಪ್ ತೋರಿಸಿದರೆ ಹೇಳುವುದಿಲ್ಲ ಎಂದಳು ಅವಳು. ಎದೆ ಯಾಕೋ ಡವಡವ ಎನ್ನುತ್ತಿತ್ತು. ಅದು ಅತ್ತೆಯ ಭಯ ಎಂದೇ ಅವಳು ಆಗ ತಿಳಿದದ್ದು... ಪಾಪ.

ಅತ್ತೆಯ ತಂಡದಲ್ಲಿ ಅವನು ಅಕೌಸ್ಟಿಕ್ ಗಿಟಾರ್ ನುಡಿಸುತ್ತಿದ್ದ. ಯಾರ ದನಿ ಕೇಳಿದರೂ ಒಪ್ಪಿಸುವುದರಿಂದ ತಂಡದವರು ಅವನನ್ನು ಗಿಳಿ ಎನ್ನುತ್ತಿದ್ದರು. ತಂಡದ ಬೇಸ್ ಗಿಟಾರಿನವನು ಬೇಸತ್ತು ಬಿಟ್ಟುಹೋಗಿದ್ದ. ಆ ಜಾಗಕ್ಕೆ ಆ ವಾರವೇ ಸೋದರಸೊಸೆ ಸೇರಿದಳು. ಅತ್ತೆ ಮಾತ್ರ ಮೊದಲ ದಿನವೇ ಖಡಾಖಂಡಿತವಾಗಿ ಹೇಳಿದರು: ಸಭಾಂಗಣದ ಕಾರ್ಯಕ್ರಮದಲ್ಲಿ ಬೇಸ್ ನಿಂತರೆ ನೀನು ನಿಂತೆ. ಅಲ್ಲಾಡಿದರೆ ಬೇರೆಯವರನ್ನು ಕರೆಸುತ್ತೇನೆ, ಆಗ ಅಣ್ಣನ ಮಗಳು ಎಂದು ಅಳಬಾರದು.

ನಿಲ್ಲುವುದೇ ಅವಳಿಗೆ ಕಷ್ಟ. ಕಾಲು ಸುಟ್ಟ ಬೆಕ್ಕು ಅವಳ ಮುಂದೆ ಧ್ಯಾನಕ್ಕೆ ಕೂತಂತೆ ಕಾಣಬೇಕು. ತಾಲೀಮಿನಲ್ಲಿ ಎರಡು ಸಾಲು ನುಡಿಸುವಷ್ಟರಲ್ಲಿ ಕೈ ಆ್ಯಂಪಿನ ದನಿ ತಿದ್ದುವ ನಾಬ್‌ಗೆ ಹೋಗುತ್ತಿತ್ತು. ದನಿ ಒಮ್ಮೆ ತೆಳುವಾಯಿತು, ಒಮ್ಮೆ ದಪ್ಪವಾಯಿತು, ಒಮ್ಮೆ ಗೋಡೆಯಾಚೆ ಯಾರೋ ಸೋಫಾ ಎಳೆದಂತಾಯಿತು. ತಂಡದವರು ಅವಳಿಗೂ ಹೆಸರಿಟ್ಟರು. ಚಡಪಡಿ.

ದಿನಾ ಸಂಜೆ ಚಡಪಡಿ ಅಂಗಡಿಗೆ ಬರತೊಡಗಿದಳು. ಇಂದು ದೊಡ್ಡ ಸ್ಪೀಕರಿನ ಆ್ಯಂಪ್, ನಾಳೆ ಅದು ಬೇಡ, ಚಿಕ್ಕದು. ಒಂದು ದಿನ ತಂತಿ ಬದಲಿಸಿದಳು, ಇನ್ನೊಂದು ದಿನ ತಂತಿಯದಲ್ಲ, ತಪ್ಪು ಕೇಬಲ್ಲಿನದು ಎಂದಳು. ಗಿಳಿ ಬೇಸರಿಸದೆ ಎಲ್ಲವನ್ನೂ ಸಿಕ್ಕಿಸಿ ಕೊಡುತ್ತಿದ್ದ. ಕೊನೆಗೆ ಮಧ್ಯಮ ಗಾತ್ರದ್ದೊಂದನ್ನು ಅವಳ ಮುಂದಿಟ್ಟ. ಮನೆಯಲ್ಲಿ ಒಬ್ಬರೇ ನುಡಿಸುವಾಗ ಗುಡುಗುವ ಆ್ಯಂಪು ವೇದಿಕೆಯ ಮೇಲೆ ಪಕ್ಕದವರನ್ನು ನುಂಗುತ್ತದೆ ಎಂದ. ತನ್ನ ಗಿಟಾರಿನದು ಪೊಳ್ಳು ಹೊಟ್ಟೆ, ಕೆಳದನಿ ಅದರೊಳಗೆ ತುಂಬಿಕೊಂಡರೆ ಅದು ನಾಯಿಯಂತೆ ಊಳಿಡುತ್ತದೆ ಎಂದು ಊಳಿಟ್ಟೂ ತೋರಿಸಿದ. ಬೀದಿಯ ನಾಯಿಯೊಂದು ಬಾಗಿಲಿಗೆ ಬಂದು ಇಣುಕಿತು.

ಅದಕ್ಕೆಂದೇ ಅವನ ಗಿಟಾರಿನ ತೂತಿಗೊಂದು ರಬ್ಬರಿನ ಮುಚ್ಚಳವಿತ್ತು. ಅದನ್ನು ಹಾಕಿದರೆ ಊಳು ನಿಲ್ಲುತ್ತಿತ್ತು.

"ಆದ್ರೆ ಮೂಗು ಕಟ್ಟಿದವರು ಹಾಡಿದ ಹಾಗಿದೆ," ಎಂದಳು ಅವಳು ಒಮ್ಮೆ, ಬಾಯಿಗೆ ಬಂದದ್ದನ್ನು. "ಮುಚ್ಚಳ ಇಲ್ದಿದ್ರೆ ಎಷ್ಟು ಚೆಂದ."

ಅವನು ಮುಚ್ಚಳವನ್ನು ಕೈಯಲ್ಲಿ ಹಿಡಿದು ಒಂದು ಕ್ಷಣ ನೋಡಿದ, ಅಷ್ಟೇ.

ಹೀಗೆ ಮಾತು ಬೆಳೆಯಿತು. ಅವಳ ಕೆಲಸ ಕನ್ನಡಕದ ಅಂಗಡಿಯ ಒಳಕೋಣೆಯಲ್ಲಿ ಕಣ್ಣು ಪರೀಕ್ಷೆ ಮಾಡುವುದು. ದಿನವಿಡೀ ಗಾಜು ಬದಲಿಸುತ್ತಾ ಇದು ಸ್ಪಷ್ಟವೋ, ಅದು ಸ್ಪಷ್ಟವೋ ಎಂದು ಕೇಳುವುದು. ಕಣ್ಣು ಸರಿಯಿದ್ದೂ ಕಾಣಿಸದು ಎಂದು ಹಠ ಹಿಡಿಯುವ ಮಕ್ಕಳಿಗೆ ಪವರ್ ಇಲ್ಲದ ಬರೀ ಗಾಜು ಹಾಕಿ ಓದಿಸುವುದನ್ನು ಅವಳು ನಗುತ್ತಾ ಹೇಳಿದಳು.

"ಪಾಪ, ಅವು ಸುಳ್ಳು ಹೇಳಲ್ಲ ಗೊತ್ತಾ? ಗಾಜು ಬಂತು ಅನ್ನೋ ಧೈರ್ಯಕ್ಕೆ ನಿಜವಾಗ್ಲೂ ಕೊನೇ ಸಾಲಿನವರೆಗೂ ಓದಿಬಿಡ್ತಾವೆ."

ತನಗೂ ಒಮ್ಮೆ ಕಣ್ಣು ನೋಡಬೇಕು ಎಂದ ಗಿಳಿ. ತಾಲೀಮಿನಲ್ಲಿ ಹಾಡಿನ ಹಾಳೆ ಮುಂದಿದ್ದರೂ ಸಾಲು ತಪ್ಪುತ್ತಿತ್ತು, ಅತ್ತೆಯಿಂದ ಬೈಸಿಕೊಳ್ಳುತ್ತಿದ್ದ.

ಕೆಲವೇ ದಿನಗಳಲ್ಲಿ ಅವನು ಆ ಡಬ್ಬಿಯನ್ನು ತಂದುಕೊಟ್ಟ. ಕಪ್ಪು ಲೋಹದ ಡಬ್ಬಿ. ಮೇಲೊಂದು ನಾಬ್, ಒಂದು ಹಸಿರು ದೀಪ. ಗಿಟಾರಿನ ಕೇಬಲ್ಲು ಈ ಕಡೆಯಿಂದ ಒಳಗೆ, ಆ ಕಡೆಯಿಂದ ಆ್ಯಂಪಿಗೆ. ಆ್ಯಂಪಿನ ನಾಬ್ ಮುಟ್ಟಬೇಡಿ, ಏನು ಬೇಕಾದರೂ ಇದರಲ್ಲೇ ತಿರುಗಿಸಿ ಎಂದ. ಅವಳು ಕೂದಲೆಳೆಯಷ್ಟು ತಿರುಗಿಸಿ ಒಂದು ಸ್ವರ ನುಡಿಸಿದಳು. ಇನ್ನೊಂದು ಎಳೆ ತಿರುಗಿಸಿದಳು. ಕಣ್ಣರಳಿತು.

"ಹಾಂ... ಈಗ ಜೀವ ಬಂತು."

ಅಂದಿನಿಂದ ತಾಲೀಮಿನಲ್ಲಿ ಬೇಸ್ ಅಲ್ಲಾಡದೆ ನಿಂತಿತು. ಅತ್ತೆ ಹುಬ್ಬೇರಿಸಿದರು. ಗಿಳಿ ಸಂದರ್ಭ ಸಿಕ್ಕಾಗಲೆಲ್ಲ ಅವಳದೇ ದನಿಯಲ್ಲಿ "ಹಾಂ... ಈಗ ಜೀವ ಬಂತು" ಎನ್ನುತ್ತಿದ್ದ, ಕಾಫಿ ಕುಡಿದರೂ, ಹೋದ ಕರೆಂಟು ಬಂದರೂ. ಅವಳಿಗೆ ಅದು ಇಷ್ಟವಾಗುತ್ತಿತ್ತು. ರಾತ್ರಿ ಮಲಗುವಾಗ ಅವನ ಬಾಯಲ್ಲಿ ಕೇಳಿದ ತನ್ನ ದನಿ ನೆನಪಾಗಿ ದಿಂಬಿನ ಮಗ್ಗಲು ಬದಲಿಸುತ್ತಿದ್ದಳು. ಈ ಚಡಪಡಿಕೆಗೆ ಮಾತ್ರ ಯಾವ ನಾಬೂ ಇರಲಿಲ್ಲ.

ಕಾರ್ಯಕ್ರಮದ ದಿನ ಬಂತು. ಜನ ಬರುವ ಮುಂಚೆ ಧ್ವನಿ ಪರೀಕ್ಷೆ ನಡೆದಿತ್ತು. ಗಿಳಿ ಹೊರಗಿನ ವ್ಯಾನಿನಿಂದ ಸ್ಟ್ಯಾಂಡ್ ತರಲು ಹೋಗಿದ್ದ. ಅವನ ಗಿಟಾರಿನೊಳಗಿನ ಪುಟ್ಟ ಮೈಕಿನ ಬ್ಯಾಟರಿ ಸತ್ತಿರುವುದು ಆಗಲೇ ಗೊತ್ತಾಯಿತು. ಡ್ರಮ್ ಬಾರಿಸುವವನು, ತಂಡದವರ ಬಾಯಲ್ಲಿ ಗುಡುಗು, ಅಂಥದ್ದೇ ಚೌಕ ಬ್ಯಾಟರಿ ಚಡಪಡಿಯ ಡಬ್ಬಿಯಲ್ಲಿ ಇರಬೇಕೆಂದು ಅದರ ತಳ ಬಿಚ್ಚಿದ.

ಬಿಚ್ಚಿದವನು ಹಾಗೇ ನಿಂತ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ.

"ಅಯ್ಯೋ ಚಡಪಡೀ, ಇದರೊಳಗೆ ಏನೂ ಇಲ್ಲ ಕಣೆ. ಬ್ಯಾಟರಿ ಬರೀ ದೀಪಕ್ಕೆ. ವೈರು ಈ ತೂತಿಂದ ಆ ತೂತಿಗೆ ನೆಟ್ಟಗೆ ಹೋಗಿದೆ. ಇಷ್ಟು ದಿನ ನೀನು ತಿರುಗಿಸಿದ್ದು ಏನನ್ನ?"

ಎಲ್ಲರೂ ನಕ್ಕರು. ಅತ್ತೆಯೂ ಸೆರಗು ಬಾಯಿಗಿಟ್ಟುಕೊಂಡರು. ಗುಡುಗು ನಗುತ್ತಲೇ ಅದರ ಬ್ಯಾಟರಿ ಕಿತ್ತು ಗಿಳಿಯ ಗಿಟಾರಿಗೆ ಹಾಕಿದ.

ಅವಳು ಡಬ್ಬಿಯನ್ನು ತೆಗೆದುಕೊಂಡು ನೋಡಿದಳು. ನಾಬಿನ ಬುಡಕ್ಕೆ ಒಂದು ವೈರೂ ಇರಲಿಲ್ಲ.

ಚಿಕ್ಕವಳಿದ್ದಾಗ ಅಣ್ಣ ವಿಡಿಯೋ ಗೇಮಿನ ಎರಡನೇ ರಿಮೋಟಿನ ವೈರು ಕಿತ್ತು, ಅದನ್ನು ಅವಳ ಕೈಗೆ ಕೊಟ್ಟು ತಾನೊಬ್ಬನೇ ಆಡುತ್ತಿದ್ದ. ಪರದೆಯ ಮೇಲೆ ಓಡುತ್ತಿದ್ದ ಕಾರು ತನ್ನದೇ ಎಂದು ಅವಳು ರಜೆಯಿಡೀ ಗುಂಡಿ ಒತ್ತಿ ಕುಣಿದಿದ್ದಳು. ಮನೆಗೆ ಬಂದ ನೆಂಟರೆಲ್ಲ ನೋಡಿ ನಕ್ಕಿದ್ದರು. ಗೊತ್ತಿಲ್ಲದಿದ್ದುದು ಅವಳೊಬ್ಬಳಿಗೇ... ಇವತ್ತೂ ಅದೇ ನಗು.

ಸ್ಟ್ಯಾಂಡ್ ಹೊತ್ತು ಬಂದ ಗಿಳಿ ಅವಳ ಕೈಯಲ್ಲಿದ್ದ ಡಬ್ಬಿ ನೋಡಿ ಹೆಜ್ಜೆ ನಿಲ್ಲಿಸಿದ.

"ಇದರಲ್ಲಿ ಏನೂ ಇಲ್ಲ ಅಂತ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು. ಮಾಡಿದ್ದೇ ನಾನು."

"ಇಷ್ಟು ದಿನ ನನ್ನ ದನಿ ಮಾಡಿ ನಕ್ಕಿದ್ದು ಇದಕ್ಕಾ?"

"ಅಲ್ಲ. ಒಂದು ನಿಮಿಷ ಕೇಳಿ..."

ಕೇಳುವ ಸಮಯವಿರಲಿಲ್ಲ. ಬಾಗಿಲು ತೆರೆದಿತ್ತು, ಜನ ಒಳಬರುತ್ತಿದ್ದರು. ಅವಳು ಡಬ್ಬಿಯನ್ನು ಅವನ ಕೈಗೆ ತುರುಕಿ, ತನ್ನ ಕೇಬಲ್ಲನ್ನು ನೇರವಾಗಿ ಆ್ಯಂಪಿಗೆ ಚುಚ್ಚಿದಳು.

ಮೊದಲ ಹಾಡು ಹೇಗೋ ದಾಟಿತು. ಎರಡನೆಯದರಲ್ಲಿ ಸಿಟ್ಟು ಬೆರಳಿಗೆ ಇಳಿಯಿತು. ನನ್ನ ಕಿವಿಗೆ ಏನೂ ಗೊತ್ತಾಗಲ್ಲ ಅಂತ ತಾನೇ? ನೋಡಿ ಈಗ. ಅವಳು ಆ್ಯಂಪಿನ ಕೆಳದನಿಯ ನಾಬನ್ನು ಹಿಡಿದು ತಿರುಗಿಸಿದಳು. ನೆಲ ನಡುಗಿತು. ಹಿತವೆನಿಸಿತು. ಇನ್ನೂ ತಿರುಗಿಸಿದಳು.

ಆಗ ಗಿಳಿಯ ಗಿಟಾರು ಹೂಂಗುಟ್ಟಿತು. ಮೊದಲು ಯಾರೋ ತಲೆಯಾಡಿಸಿದಷ್ಟು ಸಣ್ಣಗೆ, ಮರುಕ್ಷಣ ಊಳು. ಅತ್ತೆಯ ದನಿ ಅದರೊಳಗೆ ಮುಳುಗಿತು. ಮುಂದಿನ ಸಾಲಿನವರು ಕಿವಿ ಮುಚ್ಚಿಕೊಂಡರು. ಗಿಳಿ ತಂತಿಗಳ ಮೇಲೆ ಅಂಗೈ ಒತ್ತಿದ, ನಿಲ್ಲಲಿಲ್ಲ.

ಮುಚ್ಚಳ ಹಾಕಬಾರದಾ, ಎಂದು ಅವಳ ಮನಸ್ಸು ಕೂಗಿತು. ಎಲ್ಲಿ ಮುಚ್ಚಳ?

ಅವನ ಪಕ್ಕದ ಸ್ಟೂಲಿನ ಮೇಲೇ ಇತ್ತು, ಕೈಗೆಟಕುವಷ್ಟು ಹತ್ತಿರ. ಅವನು ಅದನ್ನು ಎತ್ತಿಕೊಳ್ಳಲಿಲ್ಲ. ಅವಳ ಕಡೆ ನೋಡಿದ. ಬೈಗುಳವಿಲ್ಲ, ಬೇಡಿಕೆಯೂ ಇಲ್ಲ. ಬರೀ ಕಾಯುತ್ತಿದ್ದ.

ಮೂಗು ಕಟ್ಟಿದವರು ಹಾಡಿದ ಹಾಗಿದೆ...

ಅಯ್ಯೋ. ಅಂದಿನಿಂದ ಅವನು ಅದನ್ನು ಹಾಕಿಯೇ ಇರಲಿಲ್ಲ. ತಾನು ತಾಲೀಮಿನಲ್ಲಿ ಗಮನಿಸಿಯೂ ಇರಲಿಲ್ಲ.

ಅವಳು ನಾಬನ್ನು ಹಿಂದಕ್ಕೆ ತಿರುಗಿಸಿದಳು. ಊಳು ತಗ್ಗಿತು, ಆದರೆ ಬಿಡಲಿಲ್ಲ. ಅವಳು ಕಣ್ಣು ಮುಚ್ಚಿ ಆಲಿಸಿದಳು. ಹಾಡಿನ ಒಂದೇ ಒಂದು ಸ್ವರಕ್ಕೆ ಅದು ಕೆರಳುತ್ತಿತ್ತು, ದಪ್ಪ ತಂತಿಯ ಕೆಳಗಿನ ಸ್ವರಕ್ಕೆ. ಮುಂದಿನ ಸಲ ಆ ಜಾಗ ಬಂದಾಗ ಅದೇ ಸ್ವರವನ್ನು ತೆಳು ತಂತಿಯಲ್ಲಿ, ಮೇಲಿನ ಸ್ಥಾಯಿಯಲ್ಲಿ, ಬೆರಳು ಹಗುರ ಮಾಡಿ ಮುಟ್ಟಿದಳು. ಊಳು ನಿಂತಿತು. ಬಯಲಿಗೆ ಬಂದಂತೆ ಅತ್ತೆಯ ಹಾಡು ತೆರೆದುಕೊಂಡಿತು, ಅದರಡಿ ಗಿಟಾರು, ಮೂಗು ಕಟ್ಟದ ಗಿಟಾರು.

ಆಮೇಲೆ ಕೊನೆಯವರೆಗೂ ಅವಳ ಕೈ ತಂತಿ ಬಿಟ್ಟು ಕದಲಲಿಲ್ಲ.

ಕಾರ್ಯಕ್ರಮ ಮುಗಿದ ಮೇಲೆ ಅತ್ತೆ ಹೊಗಳಲಿಲ್ಲ. ಇನ್ನು ಮೇಲೆ ತಾಲೀಮಿಗೆ ಸರಿಯಾದ ಹೊತ್ತಿಗೆ ಬಾ ಎಂದರು. ಜಾಗ ಸಿಕ್ಕಿತು ಎಂದು ಅರ್ಥ.

ಪರದೆಯ ಹಿಂದೆ ಗಿಳಿ ಕೇಬಲ್ ಸುತ್ತುತ್ತಿದ್ದ. ಅವಳು ಸ್ಟೂಲಿನ ಮೇಲಿದ್ದ ಮುಚ್ಚಳವನ್ನು ಎತ್ತಿ ಅವನ ಮುಂದೆ ಹಿಡಿದಳು.

"ಇದನ್ನ ಯಾಕೆ ಹಾಕಲಿಲ್ಲ?"

"ನೀವು ಚೆನ್ನಾಗಿಲ್ಲ ಅಂದ್ರಲ್ಲ."

"ಒಂದ್ಸಲ ಅಂದಿದ್ದೆ. ಅದೂ ಬಾಯ್ತಪ್ಪಿ."

"ನಿಮ್ಮ ಕಿವಿ ಅಂದ್ರೆ ನನಗೆ ನಂಬಿಕೆ. ನಂಬದೇ ಇರೋರು ನೀವೊಬ್ಬರೇ." ಅವನು ಕೇಬಲ್ಲಿನ ಸುರುಳಿಯನ್ನೇ ನೋಡುತ್ತಾ ಹೇಳಿದ. "ನಿಮ್ಮ ಗಿಟಾರಿನ ಧ್ವನಿ ಮೊದಲ ದಿನದಿಂದಲೂ ಸರಿಯಾಗೇ ಇತ್ತು. ನಾಬ್ ಮುಟ್ಟಿದಾಗಷ್ಟೇ ಕೆಡ್ತಿತ್ತು. ಕೈಗೊಂದು ಆಟಿಕೆ ಕೊಟ್ರೆ ಕಿವಿ ಕೆಲಸ ಮಾಡುತ್ತೆ ಅನ್ನಿಸ್ತು. ಬರೀ ಗಾಜಿನ ಕಥೆ ಹೇಳಿದ್ದು ನೀವೇ... ಆದ್ರೂ ನಿಮಗೆ ಹೇಳಬೇಕಿತ್ತು. ಎಲ್ಲರ ಮುಂದೆ ಹಾಗಾಗಬಾರದಿತ್ತು. ತಪ್ಪಾಯ್ತು."

ಅಣ್ಣ ವೈರು ಕಿತ್ತದ್ದು ಅವಳನ್ನು ಆಟದಿಂದ ಹೊರಗಿಡಲು. ಇವನು ಕಿತ್ತದ್ದು ಒಳಗೆ ಕರೆದುಕೊಳ್ಳಲು. ಆದರೂ ಅಷ್ಟು ಸುಲಭವಾಗಿ ಬಿಡುವ ಮನಸ್ಸಾಗಲಿಲ್ಲ.

"ತಪ್ಪಿಗೆ ಶಿಕ್ಷೆ ಇದೆ," ಎಂದಳು. "ನಾಳೆ ಕಣ್ಣು ತೋರಿಸೋಕೆ ಬನ್ನಿ."

ಮರುದಿನ ಮಧ್ಯಾಹ್ನ ಗಿಳಿ ಅವಳ ಒಳಕೋಣೆಯ ಎತ್ತರದ ಕುರ್ಚಿಯಲ್ಲಿ, ಗುಂಡು ಗುಂಡಾದ ಪರೀಕ್ಷೆಯ ಫ್ರೇಮ್ ಮೂಗಿಗೇರಿಸಿಕೊಂಡು ಗೂಬೆಯಂತೆ ಕೂತಿದ್ದ. ಅವಳು ಒಂದಾದ ಮೇಲೊಂದು ಗಾಜು ಹಾಕಿ ತೆಗೆದಳು. ಇದು ಸ್ಪಷ್ಟವೋ, ಅದು ಸ್ಪಷ್ಟವೋ? ಅವನು ತಡವರಿಸಿದ. ಅವಳು ಹತ್ತಿರ ಬಂದಾಗಲೆಲ್ಲ ಉಸಿರು ಹಿಡಿದ. ಕೊನೆಗೆ ಅವಳು ಗಂಭೀರವಾಗಿ, ಇದು ಹೊಸ ಗಾಜು, ಬಹಳ ತೆಳು, ಅಲ್ಲಾಡಬೇಡಿ ಎಂದು ಎಚ್ಚರಿಸಿ, ಫ್ರೇಮಿನ ಬದಿಯಲ್ಲಿ ಏನೋ ಟಕ್ಕೆನ್ನಿಸಿದಳು.

"ಈಗ?"

ಅವನು ಗೋಡೆಯ ಅಕ್ಷರಗಳನ್ನು ನೋಡಿದ. ಮುಖ ಅರಳಿತು.

"ಹಾಂ... ಈಗ ಜೀವ ಬಂತು."

ಕೊನೆಯ ಸಾಲಿನ ಇರುವೆಯಂಥ ಅಕ್ಷರಗಳನ್ನೂ ಪಟಪಟನೆ ಓದಿದ. ಅವಳು ತುಟಿ ಕಚ್ಚಿಕೊಂಡಳು. ಇಷ್ಟು ಚೆನ್ನಾಗಿ ಕಾಣುವವರಿಗೆ ಹಾಡಿನ ಹಾಳೆಯಲ್ಲಿ ಸಾಲು ತಪ್ಪುವುದು ಯಾಕೆ ಎಂದು ಕೇಳಿದಳು.

ಅವನು ಗೋಡೆಯಿಂದ ಕಣ್ಣು ತೆಗೆದು ಅವಳ ಕಡೆ ತಿರುಗಿದ. ಇಷ್ಟು ದಿನ ಎಲ್ಲರ ದನಿಯಲ್ಲೂ ಮಾತಾಡಿದವನು ಈಗ ತನ್ನ ದನಿಗಾಗಿ ತಡಕಾಡಿದ.

"ಹಾಳೆ ನೋಡ್ತಿದ್ರೆ ತಾನೆ. ನಾನು ನೋಡ್ತಿದ್ದದ್ದು ನಿಮ್ಮನ್ನ."

ಅವಳ ಕೈ ಮೆಲ್ಲಗೆ ಮೇಲೆದ್ದಿತು. ತೋರುಬೆರಳು ಫ್ರೇಮಿನ ಬಳಿಗೆ ಬಂತು, ಗಾಜಿರಬೇಕಾದ ಜಾಗದ ಒಳಕ್ಕೆ ಹಾದು ಹೋಯಿತು, ಮುಚ್ಚಿಕೊಂಡ ಅವನ ರೆಪ್ಪೆಯನ್ನು ಹಗುರವಾಗಿ ಮುಟ್ಟಿತು.

ಒಂದು ಕ್ಷಣ ಅವನಿಗೆ ಏನೂ ತಿಳಿಯಲಿಲ್ಲ. ಕೈಯೆತ್ತಿ ತಡವಿದ. ಈ ಕಣ್ಣಿಗೂ ಗಾಜಿಲ್ಲ, ಆ ಕಣ್ಣಿಗೂ ಇಲ್ಲ. ಬರೀ ಕಂಬಿ.

"ಇದರೊಳಗೆ ಏನೂ ಇಲ್ಲ," ಎಂದಳು ಅವಳು. ಕಣ್ಣಲ್ಲಿ ನೀರು, ತುಟಿಯಲ್ಲಿ ತುಂಟತನ. "ನಿಂಗೆ ಮೊದಲಿಂದಲೂ ಸರಿಯಾಗೇ ಕಾಣ್ತಿತ್ತು ಕಣೋ."

"'ಕಣೋ' ಅಂದ್ಯಾ?"

"ಅಂದೆ. ಅದು ಮಿಮಿಕ್ರಿ ಅಲ್ಲ, ನನ್ನದೇ ಮಾತು."

ಅವನು ನಕ್ಕ. ಮೊದಲು ಭುಜ ಕುಲುಕಿತು, ಆಮೇಲೆ ಕುರ್ಚಿ. ಹೊರಗೆ ಸರದಿ ಕಾಯುತ್ತಿದ್ದವರು ಇದೆಂಥ ಕಣ್ಣಿನ ಪರೀಕ್ಷೆ ಎಂದು ಮುಖ ಮುಖ ನೋಡಿಕೊಂಡರು. ಅವಳೂ ನಗುತ್ತಿದ್ದಳು, ಆದರೆ ಅವನ ನಗುವಿನೊಳಗೆ ಅವಳದು ಕೇಳಿಸಲೇ ಇಲ್ಲ. ಖಾಲಿ ಫ್ರೇಮ್ ಮೂಗಿನಿಂದ ಜಾರಿ ಬಿದ್ದರೂ ಅವನ ನಗು ನಿಲ್ಲಲಿಲ್ಲ.